ಸೀಟಿನ ಕೆಳಗೆ 14 ಸೆಂಟಿಮೀಟರ್

ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ರಗಳೆಗೆಲ್ಲ ಅದೇ ಮೂಲ.

ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಿನಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು. ಎರಡು ವರ್ಷದ ನಂತರ ನನಗೂ ಒಂದು ಬಂತು. ಸೀಟನ್ನು ಪೂರ್ತಿ ಇಳಿಸಿದರೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹತ್ತುವುದಕ್ಕೆ ದೇವಸ್ಥಾನದ ಕಟ್ಟೆ, ಇಳಿಯುವುದಕ್ಕೆ ಶಾಲೆಯ ಕಾಂಪೌಂಡ್ ಗೋಡೆ. ನಡುವೆ ಎಲ್ಲೂ ನಿಲ್ಲುವ ಪ್ರಶ್ನೆಯೇ ಇಲ್ಲ. ಆದರೆ ಚೀಲದ ಚಿಂತೆ ಒಂದು ದಿನವೂ ಬರಲಿಲ್ಲ. ಹಿಂದಿನ ಕ್ಯಾರಿಯರಿನ ಸ್ಪ್ರಿಂಗ್ ಎತ್ತಿ, ಪಾಟಿಚೀಲ ತುರುಕಿ, ಟಪ್ ಎಂದು ಬಿಟ್ಟರೆ ಮುಗಿಯಿತು.

ಈಗ ಇರುವುದು ದುಬೈಯ ಮುಹೈಸ್ನಾ 4ರಲ್ಲಿ, ಮದೀನಾ ಮಾಲ್‌ನಿಂದ ನಡೆದು ಹೋಗುವಷ್ಟು ದೂರದ ಒಂದು ಫ್ಲಾಟಿನಲ್ಲಿ. ಕುಸೈಸ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಎಸಿ, ಮನೆಗೆ ಬಂದರೆ ಮತ್ತೆ ಎಸಿ. ಮೂರು ವರ್ಷದ ಹಿಂದೆ ಊರಿಗೆ ಮರಳುತ್ತಿದ್ದ ಫಿಲಿಪಿನೋ ಸಹೋದ್ಯೋಗಿಯಿಂದ ಒಂದು ಹಳೇ ಸೈಕಲ್ ಕೊಂಡೆ. 44 ಸೆಂಟಿಮೀಟರಿನ ಫ್ರೇಮು. ಜೀವನದಲ್ಲಿ ಮೊದಲ ಸಲ ಎರಡೂ ಕಾಲು ನೆಲಕ್ಕೂರಿ ಸೈಕಲ್ ಮೇಲೆ ನಿಂತೆ. ಆ ದಿನ ಅವ್ವನಿಗೆ ಫೋನ್ ಮಾಡಿ ಹೇಳಿದ್ದು ಅದನ್ನೇ.

ಶನಿವಾರ, ಭಾನುವಾರ ನಸುಕಿನಲ್ಲಿ ಮಿರ್ದಿಫ್ ದಾಟಿ ಮುಶ್ರಿಫ್ ಪಾರ್ಕಿನ ಕಡೆ ಹೋಗುತ್ತೇನೆ. ಅಲ್ಲಿ ಘಾಫ್ ಮರಗಳಿವೆ. ನಮ್ಮ ಬನ್ನಿಮರದ ದಾಯಾದಿ. ಎಲೆ ನೋಡಿದರೇ ಗೊತ್ತಾಗುತ್ತದೆ. ಆ ಎರಡು ತಾಸು ನಾನು ಯಾರ ಹೆಂಡತಿಯೂ ಅಲ್ಲ, ಯಾರ ಅಕೌಂಟೆಂಟೂ ಅಲ್ಲ.

ಕಳೆದ ಆಗಸ್ಟಿನಲ್ಲಿ ಒಂದು ದಿನ ಮರಳಿ ಬರುವಾಗ ಕಣ್ಣು ಕತ್ತಲೆ ಕಟ್ಟಿತು. ಆಗಿನ್ನೂ ಏಳು ಗಂಟೆ, ಆದರೆ ಗಾಳಿ ಒದ್ದೆ ಕಂಬಳಿಯಂತಿತ್ತು. ಬಾಟಲಿ ಆಗಲೇ ಖಾಲಿ. ಫುಟ್‌ಪಾತಿನ ಮೇಲೆ ಕೂತವಳಿಗೆ ಒಬ್ಬ ತೋಟದ ಕೆಲಸಗಾರ ತನ್ನ ನೀರು ಕೊಟ್ಟ. ನನ್ನ ಗಂಡ ಕಾರು ತಂದು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮಾತಿಲ್ಲ. ಮನೆಯಲ್ಲಿ ಒಂದೇ ಮಾತು: "ಎರಡು ಬಾಟಲಿ ಒಯ್ಯೋಕೆ ಆಗಲ್ಲ ಅಂದ್ರೆ ಸೈಕಲ್ ಮಾರಿಬಿಡು." ಸಿಟ್ಟಿನಲ್ಲಿ ಹೇಳಿದ್ದಲ್ಲ, ಹೆದರಿ ಹೇಳಿದ್ದು. ಅದಕ್ಕೇ ವಾದ ಮಾಡಲಾಗಲಿಲ್ಲ.

ಎರಡು ಬಾಟಲಿ ಯಾಕೆ ಆಗುವುದಿಲ್ಲ? ಫ್ರೇಮಿನ ತ್ರಿಕೋನ ಅಷ್ಟು ಸಣ್ಣದು. ಒಂದು ಬಾಟಲಿ ಇಟ್ಟರೆ ಇನ್ನೊಂದಕ್ಕೆ ತಲೆ ತಾಗುತ್ತದೆ. ಬೆನ್ನಿಗೆ ಚೀಲ ಹಾಕಿದರೆ ಈ ಸೆಕೆಗೆ ಬೆನ್ನೇ ಬೇಯುತ್ತದೆ. ಉಳಿದದ್ದು ಸೀಟಿನ ಕೆಳಗಿನ ಜಾಗ. ಅಂಗಡಿಯೊಂದರಲ್ಲಿ ಉದ್ದನೆಯ ಸೀಟುಚೀಲ ಕೊಂಡೆ. "ಎಲ್ಲ ಸೈಕಲ್ಲಿಗೂ ಆಗುತ್ತದೆ" ಎಂದು ಅದರ ಮೇಲೆ ಬರೆದಿತ್ತು. ಈ 'ಎಲ್ಲ' ಎಂಬುದರಲ್ಲಿ ನಾನು ಇರುವುದು ಕಡಿಮೆ ಎಂದು ರೆಡಿಮೇಡ್ ಬಟ್ಟೆಯಂಗಡಿಗಳು ನನಗೆ ಎಷ್ಟೋ ಸಲ ಕಲಿಸಿವೆ, ಆದರೂ ನಂಬಿದೆ.

ಮೊದಲ ಸವಾರಿಯಲ್ಲೇ ರಬ್ಬರ್ ಸುಟ್ಟ ವಾಸನೆ. ರಸ್ತೆಯ ಪ್ರತಿ ಉಬ್ಬಿಗೂ ಚೀಲದ ಹೊಟ್ಟೆ ಟೈರಿಗೆ ಉಜ್ಜುತ್ತಿತ್ತು. ಮಿರ್ದಿಫ್ ತಲುಪುವಷ್ಟರಲ್ಲಿ ತಳ ತೂತಾಗಿ, ಒಳಗಿದ್ದ ಖರ್ಜೂರ ಒಂದೊಂದಾಗಿ ದಾರಿಯುದ್ದಕ್ಕೂ ಉದುರಿದ್ದವು. ಹಿಂದೆ ಬರುತ್ತಿದ್ದವರೊಬ್ಬರು ನಾಲ್ಕು ಹೆಕ್ಕಿ ತಂದುಕೊಟ್ಟರು.

ಮನೆಗೆ ಬಂದು ಟೇಪ್ ಹಿಡಿದೆ. ಸೀಟಿನ ಕೆಳಗಿನ ಸರಳಿನಿಂದ ಟೈರಿಗೆ 14 ಸೆಂಟಿಮೀಟರ್. ನನ್ನ ಗೇಣಿಗೂ ಸಾಲದು. ಕಾರಣ ಆಗ ಹೊಳೆಯಿತು. ಕುಳ್ಳರಿಗೆ ಸೈಕಲ್ ಮಾಡುವಾಗ ಫ್ರೇಮನ್ನು ಕುಗ್ಗಿಸುತ್ತಾರೆ, ಚಕ್ರವನ್ನಲ್ಲ. ಆರಡಿ ಆಳಿಗೆ ಹಾಕುವ 700ಸಿ ಚಕ್ರವೇ ನನ್ನದಕ್ಕೂ. ಅದರ ರಿಮ್ಮಿನ ಅಳತೆ 622 ಮಿಲಿಮೀಟರ್. 26 ಇಂಚಿನ ಗುಡ್ಡಗಾಡು ಸೈಕಲ್ ಚಕ್ರದ್ದು 559. ಅದನ್ನು ಹಾಕಿದ್ದರೆ ಟೈರಿನ ನೆತ್ತಿ ಸುಮಾರು ಆರು ಸೆಂಟಿಮೀಟರ್ ಕೆಳಗಿರುತ್ತಿತ್ತು. ಎತ್ತರದವರ ಸೀಟು ಮೇಲೇರಿದಂತೆ ಚೀಲಕ್ಕೆ ಜಾಗ ತಾನಾಗಿ ಸಿಗುತ್ತದೆ. ಕುಳ್ಳರ ಸೀಟು ಕೆಳಗಿಳಿದು ಚಕ್ರದ ಹತ್ತಿರ ಬರುತ್ತದೆ.

ಚೀಲದ ಪಟ್ಟಿ ಬಿಗಿ ಮಾಡಿ ನೋಡಿದೆ, ಹಸುವಿನ ಬಾಲದ ಹಾಗೆ ಅತ್ತಿತ್ತ ಬೀಸತೊಡಗಿತು. ಸೀಟು ಎತ್ತರಿಸಿದೆ, ಮೊಣಕಾಲು ಹಿಡಿದುಕೊಂಡಿತು. ಕ್ಯಾರಿಯರ್ ಹಾಕೋಣವೆಂದರೆ ಈ ಫ್ರೇಮಿನಲ್ಲಿ ಅದಕ್ಕೆ ಬೇಕಾದ ಸ್ಕ್ರೂ ತೂತುಗಳೇ ಇಲ್ಲ. ಸೀಟಿನ ಕಂಬಿಗೆ ಕಚ್ಚಿಸುವ ಕ್ಯಾರಿಯರ್ ಇದೆ, ಆದರೆ ಕಂಬಿ ಹೊರಗೆ ಕಾಣುವುದೇ ನಾಲ್ಕು ಬೆರಳು. ಸರ್ಕಾರದ ಸೈಕಲ್ಲಿನ ಆ ಸ್ಪ್ರಿಂಗನ್ನು ಎಷ್ಟು ಸಲ ನೆನೆದೆನೋ.

ಕೊನೆಗೆ ಮುಹೈಸ್ನಾ 2ಕ್ಕೆ ಹೋದೆ. ಜನರ ಬಾಯಲ್ಲಿ ಅದು ಸೋನಾಪುರ, ಚಿನ್ನದ ಊರು. ಈ ನಗರದ ಕಟ್ಟಡಗಳನ್ನು ಕಟ್ಟುವ ಸಾವಿರಾರು ಕಾರ್ಮಿಕರ ಕ್ಯಾಂಪುಗಳಿರುವುದು ಅಲ್ಲಿ. ನಮ್ಮ ಮನೆಗೂ ಅದಕ್ಕೂ ಇರುವ ಅಂತರ ಅಷ್ಟಕ್ಕಷ್ಟೇ, ಆದರೂ ಇಷ್ಟು ವರ್ಷದಲ್ಲಿ ಅಲ್ಲಿ ಕಾಲಿಟ್ಟಿರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಸೈಕಲ್ ರಿಪೇರಿಯವನು ನೋಡಿ, ಇದು ಹೊಲಿಗೆಯವನ ಕೆಲಸ ಎಂದು ಪಕ್ಕಕ್ಕೆ ಕೈ ತೋರಿಸಿದ. ಅಲ್ಲಿ ಮಷೀನಿನ ಮುಂದೆ ಕೂತಿದ್ದವರು ಫೋನಿನಲ್ಲಿ ಯಾರಿಗೋ "ಮಳಿ ಆತೇನು?" ಎಂದು ಕೇಳುತ್ತಿದ್ದರು. ಬೀಳಗಿ ಕಡೆಯವರು.

ನಾನು ತೂತುಬಿದ್ದ ಚೀಲ, ಬಾಟಲಿ, ಟೇಪ್ ಎಲ್ಲ ಮುಂದಿಟ್ಟು ಕತೆ ಹೇಳಿದೆ. ಇಂಗ್ಲೆಂಡಿನ ನೆಲ್ಸನ್ ಎಂಬ ಊರಿನಲ್ಲಿ 1932ರಿಂದ ಕ್ಯಾರಡೈಸ್ ಎಂಬ ಕಂಪನಿ ಸೀಟಿಗೆ ಅಡ್ಡಲಾಗಿ ಕಟ್ಟುವ ಕ್ಯಾನ್ವಾಸ್ ಚೀಲ ಮಾಡುತ್ತದೆ ಎಂದು ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದೆ. ಅವರು ಚಿತ್ರ ನೋಡಲಿಲ್ಲ. ಹೊರಗೆ ಬಂದು ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಸೀಟಿಗೂ ಟೈರಿಗೂ ನಡುವೆ ಕೈ ತೂರಿಸಿದರು.

"ಬಾಟ್ಲಿ ಹೆಂಗ ಇಡ್ತಿದ್ರಿ ಅಕ್ಕಾರ?"

"ಉದ್ದಕ್ಕ, ಬಾಯಿ ಮ್ಯಾಲ ಮಾಡಿ."

"ಅದಕ್ಕ ನೆಲ ಸಾಲೂದಿಲ್ರಿ. ಅದನ್ನ ಅಡ್ಡ ಮಲಗಸ್ರಿ."

ನನಗೆ ಮಾತೇ ಹೊರಡಲಿಲ್ಲ. ಬಾಟಲಿಯ ದಪ್ಪ ಏಳೂವರೆ ಸೆಂಟಿಮೀಟರ್. ಮಲಗಿಸಿದರೆ ಚೀಲಕ್ಕೆ ಒಂಬತ್ತು ಸಾಕು. ಇನ್ನೂ ಐದು ಉಳಿಯುತ್ತದೆ, ರಸ್ತೆಯ ಉಬ್ಬುತಗ್ಗಿಗೆ. ದಿನವಿಡೀ ಲೆಕ್ಕ ಮಾಡುವವಳಿಗೆ ಈ ಕಳೆಯುವ ಲೆಕ್ಕ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಚೀಲ ಸಿದ್ಧವಿತ್ತು. ದಪ್ಪ ತಾಡಪತ್ರಿಯ ಬಟ್ಟೆ. ತಳಕ್ಕೆ ಪೇಂಟ್ ಡಬ್ಬಿಯ ಮುಚ್ಚಳ ಕತ್ತರಿಸಿ ಹಾಕಿದ್ದರು, ಜೋತು ಬೀಳದಂತೆ. ಎರಡು ಪಟ್ಟಿ ಸೀಟಿನ ಸರಳಿಗೆ, ಒಂದು ಕಂಬಿಗೆ. ಕಟ್ಟಿ ಒಂದು ಸುತ್ತು ಹೊಡೆದು ಬಂದೆ. ತೊಡೆಯ ಹಿಂಭಾಗಕ್ಕೆ ತಾಗುತ್ತದೆ ಎಂದೆ. ಕಂಬಿಗೂ ಚೀಲಕ್ಕೂ ನಡುವೆ ಎರಡು ಬೆರಳು ದಪ್ಪದ ಮರದ ತುಂಡಿಟ್ಟು, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಇನ್ನೊಂದು ತೊಡಕು ನನಗೇ ಹೊಳೆಯಿತು: ಇಲ್ಲಿ ಸೈಕಲ್ಲಿಗೆ ಹಿಂದೆ ಕೆಂಪು ದೀಪ ಕಡ್ಡಾಯ, ಚೀಲ ಅದನ್ನು ಮುಚ್ಚಿಬಿಟ್ಟಿತ್ತು. ಚೀಲದ ಬೆನ್ನಿಗೆ ಒಂದು ಕುಣಿಕೆ ಹೊಲಿದು ದೀಪವನ್ನು ಅಲ್ಲಿಗೇ ಸಿಕ್ಕಿಸಿದರು. ಮೂವತ್ತು ದಿರ್ಹಮ್ ತಗೊಂಡರು. ಐವತ್ತು ಕೊಟ್ಟರೆ ಇಪ್ಪತ್ತು ವಾಪಸ್ ಕೈಗಿಟ್ಟರು.

ನನ್ನ ಗಂಡ ಮನೆಯಲ್ಲಿ ಚೀಲವನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿ, ಏನೂ ಹೇಳದೆ ಫ್ರಿಜ್ಜಿನಲ್ಲಿ ಎರಡನೇ ಬಾಟಲಿಗೆ ಜಾಗ ಮಾಡಿದರು.

ತೂತುಬಿದ್ದ ಹಳೇ ಚೀಲವನ್ನು ಅಲ್ಲೇ ಬಿಟ್ಟು ಬರಲು ಹೊರಟಾಗ ದರ್ಜಿ ಕೇಳಿದರು, "ಇದು ಬ್ಯಾಡಂದ್ರ ನಾ ಇಟ್ಕೊಳ್ಳಲೇನ್ರಿ? ತ್ಯಾಪಿ ಹಚ್ಚಿ ಊರಿಗೆ ಕಳಸ್ತೀನಿ. ನನ್ನ ಮಗಳು ಒಂಬತ್ತನೇತ್ತ ಅದಾಳ. ಉದ್ದ ಅದಾಳ್ರಿ, ಆಕಿ ಸೈಕಲ್ ಎತ್ತರ ಐತಿ."

ಎಷ್ಟು ಎತ್ತರ ಎಂದು ಕೇಳಿದೆ. ಅವರು ಎದ್ದು ನಿಂತು, ತಮ್ಮ ಭುಜದ ಹತ್ತಿರ ಕೈ ಹಿಡಿದು, ಸ್ವಲ್ಪ ತಡೆದು, ಇನ್ನೊಂದಿಷ್ಟು ಮೇಲಕ್ಕೆ ತಂದರು. "ಮೂರು ವರ್ಷಾತ್ರಿ ನೋಡಿ," ಎಂದರು.