ವರ್ಷಕ್ಕ ಮೂರು ಸಲ ಸ್ನೋಕ್ಕ ಹೋಗೋ ಕಾರಿಗೆ ಎಂಥಾ ಟೈರು?

ಹೋದ ಸಲ ಮೆಂತೆ ಹಿಟ್ಟಿನ ಬಗ್ಗೆ ಬರದಾಗ ಭಾಳ ಮಂದಿ ಅಕ್ಕ-ತಂಗ್ಯಾರು ಮಾಡಿ ನೋಡಿ, ಛೊಲೊ ಆಗೇದ ಅಂತ ತಿಳಿಸಿದ್ರಿ. ಈ ಸಲದ ವಿಷಯ ಅಡಗಿ ಮನಿದಲ್ಲ, ಗ್ಯಾರೇಜಿಂದು. "ಟೈರಿನ ಉಸಾಬರಿ ಗಂಡಸರದು, ನಮಗ್ಯಾಕ ಬೇಕು" ಅಂತ ಇಲ್ಲೇ ಬಿಟ್ಟು ಹೋಗಬ್ಯಾಡ್ರಿ ಮತ್ತ. ಆ ಕಾರಿನಾಗ ಕೂಡೋರು ನಾವು, ನಮ್ಮ ಮಕ್ಕಳು.

ನಾವಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಾಗ. ಇಲ್ಲೆ ಸ್ನೋ ಬೀಳಂಗಿಲ್ಲ, ಥಂಡಿ ದಿನ ಅಂದ್ರ ಒಂದಿಷ್ಟು ಮಳಿ ಅಷ್ಟ. ಆದ್ರ ನಾಲ್ಕು ತಾಸು ಕಾರು ಹೊಡಕೊಂಡು ಹೋದ್ರ ಲೇಕ್ ತಾಹೋ ಬರ್ತದ. ದಾರಿ ಏರಕೋತ ಏರಕೋತ ಡಾನರ್ ಘಟ್ಟದಾಗ 7,000 ಅಡಿ ದಾಟತದ. 1846ರಾಗ ಬಂಡಿ ಕಟಗೊಂಡು ಬಂದ ಡಾನರ್ ತಂಡದವರು ಅಲ್ಲೇ ಹಿಮದಾಗ ಸಿಕ್ಕು, ಹೆಚ್ಚು ಕಡಿಮಿ ಅರ್ಧ ಮಂದಿ ಜೀವಾ ಕಳಕೊಂಡ್ರು. ಈಗ ಅಲ್ಲೆ ದೊಡ್ಡ ಹೈವೇ ಅದ, ಸ್ನೋ ಬಳಿಯೋ ಗಾಡಿ ಅವ. ಆದ್ರ ಬೀಳೋ ಹಿಮ ಮಾತ್ರ ಆವಾಗಿನಷ್ಟ ಖರೇ.

ನಾವು ವರ್ಷಕ್ಕ ಎರಡು-ಮೂರು ಸಲ ಹೋಗ್ತೀವಿ. ಇಷ್ಟು ದಿನ ನಮ್ಮ ಮನಿಯವರು ಹೊಡೀತಿದ್ರು. ಈ ಸಲ ಹತ್ತೊಂಬತ್ತು ವರ್ಷದ ಮಗಳು, "ಅಮ್ಮಾ, ರಜಾದಾಗ ನಾ ಗೆಳತ್ಯಾರ ಜೋಡಿ ಹೋಗ್ತೀನಿ, ಕಾರ್ ನಾನ ಹೊಡೀತೀನಿ" ಅಂದ್ಲು. ಬ್ಯಾಡ ಅನ್ನಲಿಕ್ಕೆ ಬಾಯಿ ಬರಲಿಲ್ಲ, ಹೂಂ ಅನ್ನಲಿಕ್ಕೆ ಧೈರ್ಯ ಬರಲಿಲ್ಲ. ಕಾರಿನ ಟೈರ್ ನೋಡಿದ್ರ ಸವದಿದ್ವು. ಮೊದಲ ಅದನ್ನ ಮಾಡೂಣು ಅಂತ ಕೂತೆ.

ನಮ್ಮದು ಬ್ಯಾಟರಿ ಕಾರು. ಇದರ ಟೈರಿನ ಲೆಕ್ಕನ ಸ್ವಲ್ಪ ಬ್ಯಾರೆ. ಬ್ಯಾಟರಿ ಭಾರದಿಂದ ಕಾರು ಸುಮಾರು ಎರಡು ಟನ್ ತೂಗತದ. ಮೋಟರು ಕಾಲಿಟ್ಟ ಕೂಡ್ಲೆ ಪೂರಾ ಜೋರು ಕೊಡ್ತದ. ಈ ಭಾರ, ಈ ಜೋರು ಎರಡೂ ಸೇರಿ ಟೈರ್ ಲಗೂನ ಸವಿಸ್ತಾವ. ಹಂಗಾಗಿ ಅಳತಿ ಒಂದು ಹೊಂದಿದ್ರ ಸಾಲಂಗಿಲ್ಲ, ಭಾರ ತಡಿಯೋ ನಂಬರೂ ಹೊಂದಬೇಕು. ಟೈರಿನ ಬಾಜೂಕ ಅಳತಿ ಆದಮ್ಯಾಲೆ ಒಂದು ಸಂಖ್ಯಾ ಇರ್ತದ. 100 ಅಂತಿದ್ರ ಒಂದು ಟೈರು 800 ಕಿಲೋ ಹೊರತದ, 104 ಅಂತಿದ್ರ 900 ಕಿಲೋ. ನಿಮ್ಮ ಕಾರಿಗೆ ಎಷ್ಟು ಬೇಕಂತ ಪುಸ್ತಕದಾಗ ಬರದಿರ್ತಾರ, ಅದಕ್ಕಿಂತ ಕಡಿಮಿದು ಸೋವಿ ಸಿಕ್ಕರೂ ತಗೋಬ್ಯಾಡ್ರಿ. ಇನ್ನ ಎಂಜಿನ್ ಸಪ್ಪಳ ಇಲ್ಲದ್ದಕ್ಕ ಟೈರಿನ ಸಪ್ಪಳನ ಕಿವಿಗೆ ಬೀಳ್ತದ. ಅದಕ್ಕ ಕೆಲವು ಟೈರಿನ ಒಳಗ ಸ್ಪಂಜು ಅಂಟಿಸಿರ್ತಾರ. ಪಂಕ್ಚರ್ ಆದಾಗ ಆ ಸ್ಪಂಜು ಕೆತ್ತಿ ತಗದು ಪ್ಯಾಚ್ ಹಚ್ಚಬೇಕಾಗ್ತದ, ಎಲ್ಲಾ ಅಂಗಡಿಯವರೂ ಮಾಡಂಗಿಲ್ಲ. ಮೊದಲ ಕೇಳಿಟಗೋರಿ.

ಈಗ ಸ್ನೋದ ಮಾತು. ಪೂರಾ ಥಂಡಿಗೇ ಮಾಡಿದ ವಿಂಟರ್ ಟೈರ್ ಹಿಮದಾಗ ಎಲ್ಲಾದಕ್ಕಿಂತ ಛೊಲೊ. ಆದ್ರ ಅದರ ರಬ್ಬರು ಮೆತ್ತಗ, ನಮ್ಮೂರಿನ ಬಿಸಿಲಿಗೆ ಹಾಕಿದ್ರ ಭಡಾ ಭಡಾ ಸವೀತದ. ಮೂರು ಟ್ರಿಪ್ಪಿಗಾಗಿ ಎರಡನೇ ಜೋಡಿ ತಂದು, ವರ್ಷಕ್ಕ ಎರಡು ಸಲ ಬದಲಿಸಿ, ಉಳಿದ ನಾಲ್ಕು ಟೈರು ಎಲ್ಲಿಡೂದು? ಗ್ಯಾರೇಜಿನಾಗ ಹಪ್ಪಳದ ಡಬ್ಬಿಗೇ ಜಾಗಾ ಇಲ್ಲ. ಹಿಂಗಾಗಿ ವರ್ಷಪೂರ್ತಿ ಹಾಕೋ ಆಲ್-ಸೀಸನ್ ಟೈರೇ ನಮಗ ಗತಿ.

ಇಲ್ಲೇ ಕಣ್ಣ ತಗದು ನೋಡಬೇಕು. ಆಲ್-ಸೀಸನ್ ಟೈರಿನ ಮ್ಯಾಲ ಹೆಚ್ಚಾಗಿ "ಎಂ ಪ್ಲಸ್ ಎಸ್" ಅಂತ ಇರ್ತದ, ಅಂದ್ರ ಕೆಸರು ಮತ್ತ ಸ್ನೋ. ಗೆರಿ ಕೊರದ ರೀತಿ ನೋಡಿ ಕಂಪನಿಯವರು ತಾವ ಹಾಕ್ಕೊಳ್ಳೋ ಗುರ್ತು ಅದು, ಸ್ನೋದಾಗ ಓಡಿಸಿ ನೋಡಿದ್ದು ಅಂತಲ್ಲ. ಇನ್ನೊಂದು ಗುರ್ತು ಅದ: ಮೂರು ಶಿಖರದ ಗುಡ್ಡ, ಒಳಗೊಂದು ಹಿಮದ ಹೂವು. 1999ರಿಂದ ಬಂದದ್ದು. ಅದು ಬೇಕಂದ್ರ ಸ್ನೋದ ಮ್ಯಾಲ ಎಳಿಯೋ ಹಿಡಿತದ ಪರೀಕ್ಷಾ ಪಾಸಾಗಬೇಕು. ಎರಡೂ ಗುರ್ತು ಇದ್ದು ವರ್ಷಪೂರ್ತಿ ಹಾಕೋ ಟೈರಿಗೆ ಅಂಗಡಿಯಾಗ "ಆಲ್-ವೆದರ್" ಅಂತಾರ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2, ನೋಕಿಯನ್ ರೆಮಿಡಿ ಇಂಥಾವು. ಗಾಜಿನಂಗ ಗಟ್ಟಿ ಆದ ಐಸಿನ ಮ್ಯಾಲ ಇದೂ ಜಾರತದ, ಅದನ್ನ ಮರೀಬ್ಯಾಡ್ರಿ.

ನಮ್ಮ ಮನಿಯವರದು ಒಂದ ವಾದ. "ನಮ್ಮ ಕಾರಿಗೆ ನಾಲ್ಕೂ ಗಾಲಿಗೆ ಪವರ್ ಅದ. ಸಾದಾ ಆಲ್-ಸೀಸನ್ ಹಾಕಸೂಣು, ಬ್ಯಾಟರಿನೂ ಜಾಸ್ತಿ ದೂರ ಬರ್ತದ. ಕಾನೂನಿಗೂ ಎಂ ಪ್ಲಸ್ ಎಸ್ ನಡೀತದ" ಅಂದ್ರು. ಅವರಂದದ್ದು ಸುಳ್ಳಲ್ಲ. ಗಟ್ಟಿ ಹಿಡಿಯೋ ಟೈರಿಗೆ ಉರುಳಲಿಕ್ಕೆ ಜಾಸ್ತಿ ಕರೆಂಟ್ ಬೇಕು, ಒಂದು ಚಾರ್ಜಿಗೆ ಹೋಗೋ ದೂರ ಸ್ವಲ್ಪ ಕಡಿಮಿ ಆಗ್ತದ. ಚೆಕ್‌ಪೋಸ್ಟಿನವರೂ ಬಿಡ್ತಾರ. ಆದ್ರ ನಾ ಕೇಳಿದೆ, "ನಾಲ್ಕು ಗಾಲಿ ಪವರ್ ಕಾರು ಹೊರಡಲಿಕ್ಕೆ ಆತು. ನಿಲ್ಲಲಿಕ್ಕೆ? ಬ್ರೇಕ್ ಎಲ್ಲಾ ಕಾರಿಗೂ ನಾಲ್ಕು ಗಾಲಿಗೇ ಇರ್ತದಲ್ಲ? ಇಳಿಜಾರಿನಾಗ ಎರಡು ಟನ್ ನಿಲ್ಲಿಸೋದು ನಾಲ್ಕು ಅಂಗೈ ಅಗಲದ ರಬ್ಬರು." ಸ್ವಲ್ಪ ಹೊತ್ತು ಸುಮ್ಮನ ಕೂತ್ರು. ಆಮ್ಯಾಲೆ, "ಚಾರ್ಜ್ ಮಾಡ್ಲಿಕ್ಕೆ ಇನ್ನೊಂದು ಸಲ ನಿಂತರಾತು, ಹೂವಿಂದೇ ಹಾಕಸೂಣು" ಅಂದ್ರು.

ಟೈರ್ ಹೊಸಾದಿದ್ದಾಗ ಎಲ್ಲಾನೂ ಛೊಲೊನ. ಕ್ಯಾಲಿಫೋರ್ನಿಯಾದಾಗ ಸ್ನೋ ಟೈರ್ ಅಂತ ಲೆಕ್ಕಕ್ಕ ಬರಬೇಕಂದ್ರ ಗೆರಿ ಕಡಿಮಿ ಅಂದ್ರ ಒಂದು ಇಂಚಿನ 32 ಪಾಲಿನಾಗ 6 ಪಾಲಷ್ಟು ಆಳ ಇರಬೇಕು, ಅಂದ್ರ ಸುಮಾರು 4.8 ಮಿಲಿಮೀಟರ್. ಇದನ್ನ ಮನಿಯಾಗ ನೋಡಲಿಕ್ಕೆ 2008ರ ಒಳಗಿನ ಒಂದು ಹಳೇ ಪೆನ್ನಿ ಸಾಕು. ಲಿಂಕನ್ ಗುಡಿಯ ಚಿತ್ರ ಇರೋ ಬಾಜೂ ನಿಮ್ಮ ಕಡೆ ಮಾಡಿ, ಗುಡಿಯ ತುದಿ ಕೆಳಗ ಮಾಡಿ ಗೆರಿಯೊಳಗ ಇಡ್ರಿ. ಗುಡಿಯ ತುದಿ ಮುಚ್ಚಿದ್ರ ಇನ್ನೂ ಘಟ್ಟ ಹತ್ತಬಹುದು. ಕಂಡ್ರ ಆ ವರ್ಷ ಸ್ನೋ ಬ್ಯಾಡ. ನಾ ಪ್ರತಿ ದೀಪಾವಳಿ ಮುಂದ ನಾಲ್ಕೂ ಟೈರಿಗೆ ಇಟ್ಟು ನೋಡೋದು ಅಂತ ಠರಾಸೀನಿ.

ಇನ್ನ ಚೈನು. ರಸ್ತಾದಾಗ "ಆರ್-2" ಅಂತ ಬೋರ್ಡ್ ಹಾಕಿದ್ರ, ನಾಲ್ಕೂ ಗಾಲಿಗೆ ಪವರ್ ಇದ್ದು ನಾಲ್ಕೂ ಸ್ನೋ ಟೈರ್ ಇದ್ದ ಕಾರು ಚೈನ್ ಕಟ್ಟದ ಹೋಗಬಹುದು, ಆದ್ರ ಚೈನು ಡಿಕ್ಕಿಯಾಗ ಇರಲೇಬೇಕು. "ಆರ್-3" ಅಂದ್ರ ಎಲ್ಲಾರೂ ಕಟ್ಟಬೇಕು. ಹೆಚ್ಚಾಗಿ ಅದಕ್ಕಿಂತ ಮೊದಲ ರಸ್ತಾನೇ ಬಂದ್ ಮಾಡ್ತಾರ. ಯಾವ ಥರದ ಚೈನು, ಯಾವ ಗಾಲಿಗೆ ಅನ್ನೋದು ಕಾರಿನ ಪುಸ್ತಕದಾಗ ನೋಡೇ ತರಬೇಕು. ಮಗಳಿಗೆ ಮನಿ ಮುಂದ, ಬಿಸಿಲಾಗ, ಎರಡು ಸಲ ಕಟ್ಟಿ ಬಿಚ್ಚಲಿಕ್ಕೆ ಹಚ್ಚಿದೆ. ಕತ್ತಲಾಗ, ಕೈ ಸೆಟದಾಗ ಕಲಿಯೋ ವಿದ್ಯಾ ಅಲ್ಲ ಅದು.

ಡಿಸೆಂಬರ್ ಮೊದಲನೇ ವಾರ ಹೊಸಾ ಟೈರಿನ ಮ್ಯಾಲ ಮೂವರೂ ಹೋಗಿ ಬಂದ್ವಿ. ಒಂದು ಖಾಲಿ ಪಾರ್ಕಿಂಗ್ ಜಾಗಾದಾಗ ಹತ್ತು-ಹದಿನೈದು ಮೈಲಿ ವೇಗದಾಗ ಅಕಿಗೆ ಜೋರಾಗಿ ಬ್ರೇಕ್ ಒತ್ತಲಿಕ್ಕೆ ಹೇಳಿದ್ರು ಅವರಪ್ಪ. ಕಾಲಿನ ಕೆಳಗ ಬ್ರೇಕ್ ಗಡಗಡ ನಡಗಿತು, ಅಕಿ ಗಾಬರಿ ಆಗಿ ಕಾಲ ತಗದ್ಲು. "ಅದು ಕೆಡೋ ಸಪ್ಪಳಲ್ಲ, ಗಾಲಿ ಜಾಮ್ ಆಗಲಾರದಂಗ ತಡಿಯೋದು. ಕಾಲ ತಗೀಬ್ಯಾಡ, ಒತ್ತೇ ಇರು" ಅಂದ್ರು. ಮೂರನೇ ಸಲಕ್ಕ ಅಕಿಗೆ ತಿಳೀತು. ಬ್ಯಾಟರಿ ಕಾರಿನಾಗ ಆಕ್ಸಿಲರೇಟರ್ ಮ್ಯಾಲಿಂದ ಕಾಲ ತಗದ್ರ ಕಾರು ತಾನ ಎಳದು ಹಿಡದಂಗ ನಿಧಾನ ಆಗ್ತದ. ಜಾರೋ ಇಳಿಜಾರಿನಾಗ ಒಮ್ಮೆಲೇ ತಗದ್ರ ಗಾಲಿ ಜಾರಬಹುದು, ಹಗೂರ ಬಿಡಬೇಕು ಅನ್ನೋದನ್ನೂ ಅಲ್ಲೇ ಕಲಸಿದ್ರು.

ಹೋಗೋ ಹಿಂದಿನ ದಿನ ಅಕಿಗೆ ಇಷ್ಟ ಹೇಳೀನಿ: ಟೈರಿನ ಗಾಳಿ ಮುಂಜಾನೆ ಕಾರು ತಣ್ಣಗಿದ್ದಾಗ ನೋಡು, ಥಂಡಿಗೆ ಇಳೀತದ. ಬ್ಯಾಟರಿ ಅರ್ಧಕ್ಕ ಬರೋದ್ರೊಳಗ ಚಾರ್ಜರ್ ಹುಡುಕು, ಘಟ್ಟ ಏರೋದು, ಹೀಟರ್ ಎರಡೂ ಕರೆಂಟ್ ತಿಂತಾವ. ಚೈನ್ ಬೋರ್ಡ್ ಇದ್ದಲ್ಲಿ 25-30 ಮೈಲಿ ದಾಟಬ್ಯಾಡ, ಹಿಂದಿನವ ಹಾರ್ನ್ ಹೊಡದ್ರ ಹೊಡೀಲಿ. ಮತ್ತ ಮುಖ್ಯದ ಮಾತು, ಆರ್-2 ಬೋರ್ಡ್ ಕಂಡ್ರ ವಾಪಸ್ ಬಾ. ನಮ್ಮ ಟೈರಿಗೆ ಪರವಾನಗಿ ಅದ ಅಂತ ಹೋಗಬ್ಯಾಡ. ರೂಮಿನ ರೊಕ್ಕ ಹೋದ್ರ ನಾ ಕೊಡ್ತೀನಿ, ಒಂದು ಮಾತೂ ಅನ್ನಂಗಿಲ್ಲ.

ನಿಮ್ಮ ಮಕ್ಕಳೂ ಹಿಂಗ ಹೊರಟಿದ್ರ ಮೊದಲ ಹೋಗಿ ಟೈರಿನ ಬಾಜೂಕ ಆ ಗುಡ್ಡದ ಚಿತ್ರ ಅದನೋ ಇಲ್ಲೋ ನೋಡ್ರಿ. ಮುಂದಿನ ಸಲ ಮತ್ತ ಅಡಗಿ ಮನಿಗೆ ಬರ್ತೀನಿ, ಕುಸುಬಿ ಹಿಂಡಿ ಬಗ್ಗೆ ಬರಿಯೋದದ.