ಜೀರೋ ಕಣಿವೆಯಲ್ಲಿ ತೋಳನ ಜಾಡು!

ನಹರ್‌ಲಗುನ್‌ನಲ್ಲಿ ರೈಲು ಇಳಿದು, ಸುಮೋದ ಹಿಂದಿನ ಸೀಟಿನಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತು, ಸುಮಾರು 100 ಕಿಲೋಮೀಟರ್ ಬೆಟ್ಟ ಸುತ್ತಿದರೆ ಸಿಗುವ ಊರು ಜೀರೋ. ಹೌದು ಸ್ವಾಮಿ, ಊರಿನ ಹೆಸರೇ ಜೀರೋ! ಅರುಣಾಚಲ ಪ್ರದೇಶದ ಈ ಕಣಿವೆಯಲ್ಲೇ ವರುಣ್ ಧವನ್ ಹುಣ್ಣಿಮೆ ರಾತ್ರಿ ಅಂಗಿ ಹರಿದುಕೊಂಡು ತೋಳನಾಗಿದ್ದು. 2022ರ ನವೆಂಬರಿನಲ್ಲಿ ತೆರೆಕಂಡ 'ಭೇಡಿಯಾ' ನೋಡಿದ ಮಿತ್ರರಿಗೆ ಆ ಹಸಿರು, ಆ ಮಂಜು, ಆ ಬಿದಿರಿನ ಮನೆಗಳು ನೆನಪಿರಬೇಕು. ನಿರ್ದೇಶಕ ಅಮರ್ ಕೌಶಿಕ್ ಸೆಟ್ ಹಾಕಿ ಮೋಸ ಮಾಡಿಲ್ಲ, ಇಲ್ಲಿಗೇ ಬಂದು ಶೂಟಿಂಗ್ ಮಾಡಿದ್ದಾರೆ. ಅಂದಹಾಗೆ, ಇಲ್ಲಿಗೆ ಬರೋರು ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಂಡೇ ಬರಬೇಕು. ಇಲ್ಲದಿದ್ದರೆ ಗೇಟಿನಿಂದಲೇ ವಾಪಸ್!

ಆದರೆ ನಾನು ಜೀರೋ ಹೆಸರು ಮೊದಲು ಕೇಳಿದ್ದು ಸಿನಿಮಾದಲ್ಲಲ್ಲ.

2012. ಪಿಯುಸಿಗೆ ನಾಮ ಹಾಕಿ, ಮೆಜೆಸ್ಟಿಕ್ ಹತ್ತಿರದ ಒಂದು ಹೋಟೆಲಿನಲ್ಲಿ ಬಿಲ್ ಬರೆಯುತ್ತಿದ್ದೆ. ವಯಸ್ಸು 16. ಅಡುಗೆಮನೆಯಲ್ಲಿ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡ ಹುಡುಗನೊಬ್ಬ ಇದ್ದ. ಸಣ್ಣ ಕಣ್ಣು, ಗುಂಡು ಮುಖ. ಎಲ್ಲರೂ 'ನೇಪಾಳಿ' ಅಂತಿದ್ದರು, ನಾನೂ ಅಂತಿದ್ದೆ. "ನಾನು ನೇಪಾಳಿ ಅಲ್ಲ ಗುರು, ಇಂಡಿಯಾನೇ. ನಮ್ಮೂರು ಜೀರೋ" ಅನ್ನುತ್ತಿದ್ದ, ಹರಕು ಮುರುಕು ಕನ್ನಡದಲ್ಲಿ. "ನಿಮ್ಮೂರು ಸೊನ್ನೇನಾ?" ಅಂತ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಅವನೂ ನಗುತ್ತಿದ್ದ. ಸಂಬಳದ ದಿನ ಸೆಕೆಂಡ್ ಶೋಗೆ ನನ್ನ ಟಿಕೆಟ್ಟೂ ಅವನೇ ತೆಗೆಸುತ್ತಿದ್ದ.

ಆ ವರ್ಷ ಆಗಸ್ಟಿನಲ್ಲಿ ಏನಾಯಿತು ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಈಶಾನ್ಯದವರ ಮೇಲೆ ಹಲ್ಲೆ ಆಗುತ್ತಂತೆ ಅನ್ನೋ ಗಾಳಿಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿ ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅವನೂ ಹೋದ. ಗಲ್ಲಾದ ಹತ್ತಿರ ಬಂದು "ಬರ್ತೀನಿ ಗುರು" ಅಂದ. ನಾನು ಬಿಲ್ಲು ಬರೀತಾ "ಹ್ಞೂಂ ನೇಪಾಳಿ" ಅಂದೆ. ಅಷ್ಟೇ.

ಹತ್ತು ವರ್ಷ ಕಳೆದು 'ಭೇಡಿಯಾ' ನೋಡ್ತಾ ಕೂತಿದ್ದೇನೆ. ಕಾಡು ಕಡಿದು ರಸ್ತೆ ಮಾಡಲು ದೆಹಲಿಯಿಂದ ಬಂದ ಭಾಸ್ಕರನನ್ನು ತೋಳ ಕಚ್ಚುತ್ತದೆ. ಆಮೇಲೆ ಅವನೇ ತೋಳನಾಗಿ, ಆ ರಸ್ತೆಗೆ ಕೈಹಾಕಿದವರನ್ನೇ ಬೇಟೆಯಾಡುತ್ತಾನೆ! ಅದಿರಲಿ. ಅದರಲ್ಲಿ ಜೊಮಿನ್ ಅಂತ ಒಂದು ಪಾತ್ರ, ಮಾಡಿರೋದು ಅರುಣಾಚಲದವರೇ ಆದ ಪಾಲಿನ್ ಕಬಕ್. ಮುಖ ನೋಡಿ ಆಡಿಕೊಳ್ಳೋರ ಮಾತು ಅವನಿಗೆ ಹೇಗೆ ಚುಚ್ಚುತ್ತೆ ಅನ್ನೋ ದೃಶ್ಯ ಬಂತು. ಥಿಯೇಟರಿನಲ್ಲಿ ಪಾಪ್‌ಕಾರ್ನ್ ಸದ್ದೂ ನಿಂತಿತ್ತು. ಇಂಟರ್ವಲ್‌ನಲ್ಲಿ ನಾನು ಟೀ ಕುಡಿಯಲಿಲ್ಲ.

ಸರಿ, ಜೀರೋಗೆ ಬರೋಣ. ನಾಲ್ಕು ದಿಕ್ಕಿಗೂ ಪೈನ್ ಮರದ ಬೆಟ್ಟ, ನಡುವೆ ತಟ್ಟೆಯಂತೆ ಗದ್ದೆ ಬಯಲು. ಇದು ಅಪತಾನಿ ಜನರ ನಾಡು. ಎತ್ತಿಲ್ಲ, ನೇಗಿಲಿಲ್ಲ, ಕೈಯಿಂದಲೇ ಬೇಸಾಯ. ಭತ್ತದ ಗದ್ದೆಯ ನೀರಲ್ಲೇ ಮೀನು ಸಾಕುತ್ತಾರೆ. ಒಂದೇ ಗದ್ದೆ, ಅನ್ನವೂ ಅದೇ, ಸಾರೂ ಅದೇ! 2014ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಈ ಬಯಲು ಸೇರಿದ್ದು ಸುಮ್ಮನೆ ಅಲ್ಲ.

ನಾನಿದ್ದ ಮನೆಯ ಅಜ್ಜಿಯ ಹಣೆಯಿಂದ ಮೂಗಿನ ತುದಿಯವರೆಗೆ ಹಚ್ಚೆಯ ಗೆರೆ, ಮೂಗಿನ ಎರಡೂ ಬದಿಗೆ ಕಪ್ಪು ಬಿರಡೆ. ನಮ್ಮ ಹೆಣ್ಣುಮಕ್ಕಳು ಚೆಂದ ಅಂತ ಅಕ್ಕಪಕ್ಕದ ಬುಡಕಟ್ಟಿನವರು ಹೊತ್ತೊಯ್ಯುತ್ತಿದ್ದರು, ಅದಕ್ಕೇ ಮುಖ ಕೆಡಿಸಿಕೊಂಡೆವು ಅನ್ನೋದು ಇಲ್ಲಿ ಹೇಳೋ ಕಥೆ. 1970ರ ದಶಕದಲ್ಲಿ ಈ ಪದ್ಧತಿ ನಿಂತುಹೋಯಿತು. ಈಗ ವಯಸ್ಸಾದ ಹೆಂಗಸರಲ್ಲಿ ಮಾತ್ರ ಕಾಣುತ್ತೆ.

"ಅಜ್ಜಿ, ನಿಮ್ಮ ಕಾಡಲ್ಲಿ ತೋಳ ಆಗೋ ಮನುಷ್ಯರಿದ್ದಾರಾ?" ಅಂತ ಕೇಳಿದೆ. ಮೊಮ್ಮಗ ಹಿಂದಿಯಿಂದ ಅವರ ಮಾತಿಗೆ ತಿರುಗಿಸಿದ. ಅಜ್ಜಿ ಒಲೆಯ ಬೆಂಕಿ ಕೆದಕುತ್ತಾ ನಕ್ಕುಬಿಟ್ಟರು. "ತೋಳ ಬೊಂಬಾಯಿಯಿಂದ ಬಂದಿದ್ದು" ಅಂದ ಮೊಮ್ಮಗ. ನಿಜ ಕಣ್ರೀ! ಹುಣ್ಣಿಮೆಯ ತೋಳಮನುಷ್ಯ ಯುರೋಪಿನ ಸರಕು, ಅದನ್ನು ಗಟ್ಟಿ ಮಾಡಿದ್ದು ಹಾಲಿವುಡ್. 1941ರ 'ದಿ ವುಲ್ಫ್ ಮ್ಯಾನ್'ನಲ್ಲಿ ಲಾನ್ ಚೇನಿ ಜೂನಿಯರ್ ಮುಖಕ್ಕೆ ಜ್ಯಾಕ್ ಪಿಯರ್ಸ್ ಗಂಟೆಗಟ್ಟಲೆ ಕೂತು ಅಂಟಿಸಿದ್ದು ಯಾಕ್ ಪ್ರಾಣಿಯ ಕೂದಲು. ಆ ಯಾಕ್ ಮಾತ್ರ ಇದೇ ಅರುಣಾಚಲದ ತವಾಂಗ್ ಕಡೆ ಮೇಯುತ್ತೆ! 1981ರ 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'ಗೆ ರಿಕ್ ಬೇಕರ್ ಮೇಕಪ್ಪಿನ ಮೊದಲ ಸ್ಪರ್ಧಾತ್ಮಕ ಆಸ್ಕರ್ ಹೊಡೆದ. ರೂಪ ಬದಲಿಸೋದು ನಮಗೇನು ಹೊಸದಾ? ನಮ್ಮ ಉಡುಪಿ ಕಡೆಯ ವಿಠಲಾಚಾರ್ಯರು ಇಂಥ ಮಾಯಾಜಾಲ ತೋರಿಸಿಯೇ ತೆಲುಗರನ್ನು ಮರುಳು ಮಾಡಲಿಲ್ಲವೇ!

ಈ ಬೆಟ್ಟಸಾಲಿನ ಅಸಲಿ ಹೀರೋ ಹುಲಿ. ಇದೇ ರಾಜ್ಯದ ದಿಬಾಂಗ್ ಕಣಿವೆಯ ಇದು ಮಿಶ್ಮಿಗಳಿಗೆ ಹುಲಿ ಅಂದರೆ ಒಡಹುಟ್ಟಿದ ಅಣ್ಣ. ಪಕ್ಕದ ನಾಗಾಲ್ಯಾಂಡಿನ ಸುಮಿ ನಾಗಾಗಳಲ್ಲಿ ಹುಲಿಮನುಷ್ಯರ ನಂಬಿಕೆಯೇ ಇದೆ. ಹಟ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1920ರಲ್ಲೇ ಅದನ್ನು ಬರೆದಿಟ್ಟಿದ್ದಾನೆ. ಅಲ್ಲಿ ಮೈಮೇಲೆ ಕೂದಲು ಬೆಳೆಯೋಲ್ಲ, ಉಗುರು ಚಾಚೋಲ್ಲ. ಮನುಷ್ಯ ಮನೆಯಲ್ಲೇ ಮಲಗಿರುತ್ತಾನೆ, ಜೀವ ಮಾತ್ರ ಹೋಗಿ ಕಾಡಿನ ಹುಲಿಯನ್ನೋ ಚಿರತೆಯನ್ನೋ ಹೊಕ್ಕುತ್ತೆ. ಪ್ರಾಣಿಗೆ ಗುಂಡು ಬಿದ್ದರೆ ಮನೆಯಲ್ಲಿ ಮಲಗಿದವನ ಮೈಮೇಲೆ ಗಾಯ! ಈಸ್ಟರಿನ್ ಕಿರೆ ಅವರ 2014ರ ಕಾದಂಬರಿ 'ವೆನ್ ದ ರಿವರ್ ಸ್ಲೀಪ್ಸ್'ನಲ್ಲೂ ಹುಲಿಮನುಷ್ಯರು ಬರುತ್ತಾರೆ. ಗ್ರಾಫಿಕ್ಸ್ ಇಲ್ಲದೆ ತೆಗೆಯಬಹುದಾದ ಇಂಥ ಕಥೆಗೆ ಯಾವ ನಿರ್ಮಾಪಕ ದುಡ್ಡು ಹಾಕ್ತಾನೋ ಕಾಣೆ.

ಮಾರನೇ ದಿನ ಹಾಪೋಲಿ ಪೇಟೆಗೆ ಹೋದೆ. ಅಸಲಿಗೆ ನಾನು ಬಂದಿದ್ದೇ ಅದಕ್ಕೆ. ಟೀ ಅಂಗಡಿಯವನಿಗೆ, ಮೊಬೈಲ್ ಅಂಗಡಿಯವನಿಗೆ ಕೇಳಿದೆ: "2012ರಲ್ಲಿ ಬೆಂಗಳೂರಿನ ಹೋಟೆಲಿನಿಂದ ವಾಪಸ್ ಬಂದ ಒಬ್ಬ ಹುಡುಗ..." ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ. "ಹೆಸರೇನು?"

ಗೊತ್ತಿದ್ದರಲ್ಲವೇ ಹೇಳೋದು! ಅವನ ದುಡ್ಡಲ್ಲಿ ಸಿನಿಮಾ ನೋಡಿದ್ದೇನೆ, ಅವನು ಬಡಿಸಿದ್ದು ತಿಂದಿದ್ದೇನೆ, ಒಂದು ದಿನವೂ ಹೆಸರು ಕೇಳಿರಲಿಲ್ಲ. "ನಾವು ಅವನನ್ನ..." ಅಂತ ಬಾಯಿ ತೆರೆದವನು, ಎದುರಿಗಿದ್ದವನ ಮುಖ ನೋಡಿ ಮುಚ್ಚಿಕೊಂಡೆ. ಮೊಬೈಲ್ ಅಂಗಡಿಯವನು ಪಾಪ, ಒಂದಷ್ಟು ಜನರಿಗೆ ಫೋನ್ ಮಾಡಿ ನೋಡಿದ. ಆ ವರ್ಷ ಓಡಿಬಂದವರು ಒಬ್ಬರೇ ಇಬ್ಬರೇ?

ಮೂರನೇ ದಿನ ಬೆಳಗ್ಗೆ ಸುಮೋ ಕೌಂಟರಿಗೆ ಹೋದೆ. ಟಿಕೆಟ್ ಬರೆಯೋ ಹುಡುಗ ಹೆಸರು ಕೇಳಿದ, ಹೇಳಿದೆ. ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳಿಸಿ ಬರೆದುಕೊಂಡು, ಸ್ಪೆಲಿಂಗ್ ಸರಿ ಇದೆಯಾ ನೋಡಿ ಅಂತ ಪುಸ್ತಕವನ್ನು ನನ್ನ ಕಡೆ ತಿರುಗಿಸಿದ.