ಮಾರಿಯೊ ಒಂದನೇ ಸಾರಿ, ಎರಡನೇ ಸಾರಿ…

ಹರಾಜು ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಎಪಿಎಂಸಿ ಯಾರ್ಡು. ಆಮೇಲೆ ಬ್ಯಾಂಕಿನವರು ಪೇಪರಿನಲ್ಲಿ ಹಾಕಿಸುವ ಅಡವಿನ ಒಡವೆ, ಕೊನೆಗೆ ಗಣಪತಿ ಪೆಂಡಾಲಿನ ಲಾಡು. ಮೂರರಲ್ಲೂ ಮಾಲು ಕಣ್ಣೆದುರಿಗೇ ಇರುತ್ತದೆ. ಲಾಡಿಗೆ ಮೈಸೂರು ಪಾಕು ಎಂದು ಚೀಟಿ ಅಂಟಿಸಿ ಯಾರೂ ಸವಾಲು ಕೂಗುವುದಿಲ್ಲ. ಇಂಟರ್‌ನೆಟ್ಟಿನ ಹರಾಜಿನಲ್ಲಿ ಹಳೇ ವಿಡಿಯೊ ಗೇಮ್ ಹುಡುಕುವವನ ಪಾಡೇ ಬೇರೆ. ಅಲ್ಲಿ ಚೀಟಿ ಓದಿಯೇ ಮಾಲು ಹುಡುಕಬೇಕು. ಚೀಟಿ ಬರೆದ ಪುಣ್ಯಾತ್ಮನಿಗೆ ತಾನು ಮಾರುತ್ತಿರುವುದು ಏನೆಂದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ನನಗೆ ಪ್ರೀತಿ ಇಂಥ ಮಾರಾಟಗಾರರ ಮೇಲೆಯೇ. ಎಲ್ಲ ತಿಳಿದವನ ಹತ್ತಿರ ಅಗ್ಗದ ಮಾಲು ಎಲ್ಲಿಂದ ಸಿಗಬೇಕು?

ಹರಾಜಿನ ಜಾಲತಾಣ ಇಬೇಯಲ್ಲಿ ಬರೀ ‘ಮಾರಿಯೊ’ ಎಂದು ಹೊಡೆದು ನೋಡಿ. ಟೀ ಶರ್ಟು, ಕಾಫಿ ಲೋಟ, ಬರ್ತ್‌ಡೇ ಬಲೂನು, ಮಕ್ಕಳ ಚಡ್ಡಿ ಎಲ್ಲ ಮೈಮೇಲೆ ಬೀಳುತ್ತವೆ. ಇದಕ್ಕೆ ಮದ್ದು ಮೈನಸ್ ಗುರುತು. ಬೇಡದ ಪದಕ್ಕೆ ಮುಂಚೆ, ಜಾಗ ಬಿಡದೆ, ಒಂದು ಮೈನಸ್ ಹಾಕಿದರೆ ಆ ಪದವಿರುವ ಮಾಲೆಲ್ಲ ಆಚೆ. ನಾಲ್ಕಾರು ಪದ ಬೇಡವಾದರೆ ಮೈನಸ್ ಆದಮೇಲೆ ಕಂಸ ತೆರೆದು, ಒಳಗೆ ಅಲ್ಪವಿರಾಮ ಹಾಕುತ್ತಾ ಪೋಣಿಸಬಹುದು. ಮೈನಸ್ ಇಲ್ಲದ ಕಂಸಕ್ಕೆ ‘ಇದಾದರೂ ಸರಿ, ಅದಾದರೂ ಸರಿ’ ಎಂಬ ಅರ್ಥ. ಸೆಗಾ ಕಂಪನಿಯ ಒಂದೇ ಯಂತ್ರ ಜಪಾನು, ಯುರೋಪಿನಲ್ಲಿ ಮೆಗಾ ಡ್ರೈವ್, ಅಮೆರಿಕದಲ್ಲಿ ಜೆನೆಸಿಸ್. ಎರಡನ್ನೂ ಕಂಸಕ್ಕೆ ಹಾಕದೆ ಹುಡುಕಿದವನಿಗೆ ಅರ್ಧ ಮಾಲು ಕಾಣುವುದೇ ಇಲ್ಲ.

ನಕಲಿ ಬೇಡವೆಂದು ಕೆಲವರು ‘ರೆಪ್ರೊ’ ಎಂಬ ಪದಕ್ಕೂ ಮೈನಸ್ ಹಾಕುತ್ತಾರೆ. ಅದರಿಂದ ಆಚೆ ಹೋಗುವವನು ನಕಲಿಯನ್ನು ನಕಲಿ ಎಂದೇ ಬರೆದುಕೊಂಡ ಪ್ರಾಮಾಣಿಕ. ಬರೆಯದ ಕಳ್ಳ ಸಾಲಿನ ಮೊದಲಲ್ಲೇ ಕೂತಿರುತ್ತಾನೆ. ಅವನನ್ನು ಹಿಡಿಯುವುದಕ್ಕೆ ಫೋಟೊನೇ ಗತಿ. ಗೇಮ್ ಬಾಯ್ ಅಡ್ವಾನ್ಸಿನ ‘ಪೋಕೆಮಾನ್ ಎಮರಾಲ್ಡ್’ಗೆ ನಕಲಿಗಳ ಕಾಟ ವಿಪರೀತ. ಅಸಲಿಯ ಲೇಬಲ್ ಮೇಲೆ ಕಾರ್ಖಾನೆಯವರು ಒತ್ತಿದ ಪುಟ್ಟ ಅಂಕಿಯ ತಗ್ಗು ಬೆಳಕಿಗೆ ಓರೆ ಮಾಡಿದರೆ ಕಾಣುತ್ತದೆ. ಕೆಳಗಿನ ಬಾಯಲ್ಲಿ, ಚಿನ್ನದ ಬಣ್ಣದ ಪಿನ್ನುಗಳ ಮೇಲ್ಗಡೆಯೇ, ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಇಣುಕುತ್ತಿರುತ್ತದೆ. ಆ ಎರಡು ಫೋಟೊ ಕೇಳಿದಾಗ ಮಾರುವವನು ಮಾತು ಹಾರಿಸಿದರೆ ನೀವೂ ಅಲ್ಲಿಂದ ಜಾಗ ಖಾಲಿ ಮಾಡುವುದು ಒಳ್ಳೆಯದು.

ಕಾಗುಣಿತ ತಪ್ಪಿಸಿ ಹುಡುಕುವ ಹಳೇ ಉಪಾಯವೊಂದಿತ್ತು. ನಿಂಟೆಂಡೊದಲ್ಲಿ ಒಂದಕ್ಷರ ನುಂಗಿ ಬರೆದವನ ಮಾಲು ಯಾರ ಕಣ್ಣಿಗೂ ಬೀಳದೆ ಅಗ್ಗಕ್ಕೆ ಹೋಗುತ್ತಿತ್ತು. ಈಗ ಯಂತ್ರವೇ ಮೇಷ್ಟ್ರ ಹಾಗೆ ತಪ್ಪು ತಿದ್ದುವುದರಿಂದ ಅದರ ಮೊನೆ ಮೊಂಡಾಗಿದೆ. ಆದರೆ ಹೆಸರನ್ನೇ ಬರೆಯದವನನ್ನು ಯಂತ್ರ ಹೇಗೆ ತಿದ್ದೀತು? ಮಗ ಕಾಲೇಜಿಗೆ ಹೋದಮೇಲೆ ಅಟ್ಟ ಖಾಲಿ ಮಾಡುವ ಅಮೆರಿಕದ ತಾಯಿ ಬರೆಯುವುದು ‘ಹಳೇ ಗೇಮುಗಳು, ಒಟ್ಟು ಲಾಟ್’ ಎಂದಷ್ಟೇ. ಇಂಗ್ಲೆಂಡಿನವಳಾದರೆ ‘ಜಾಬ್ ಲಾಟ್’. ಗೇಮಿನ ಹೆಸರು ಬಿಟ್ಟು ಈ ಪದಗಳನ್ನು ಹಾಕಿ, ಹೊಸದಾಗಿ ಬಂದ ಮಾಲು ಮೊದಲು ಕಾಣುವಂತೆ ಮಾಡಿಕೊಂಡು, ಫೋಟೊಗಳನ್ನು ಹಿಗ್ಗಿಸಿ ನೋಡುವುದೇ ನನ್ನ ಸಂಜೆಯ ಕಸುಬು. ರಾಶಿಯಲ್ಲಿ ಮಗುಚಿ ಬಿದ್ದ ಬೂದು ಕ್ಯಾಸೆಟ್ಟಿನ ಅಂಚಿನಲ್ಲಿ ಅರ್ಧ ಅಕ್ಷರ ಕಂಡರೂ ಸಾಕು. “ಏನ್ರೀ ಅದು, ಇಟ್ಟಿಗೆ ಫೋಟೊ ದೊಡ್ಡದು ಮಾಡ್ಕೊಂಡು ನೋಡ್ತಿದ್ದೀರ?” ಎನ್ನುತ್ತಾಳೆ ನಮ್ಮ ಮನೆಯಾಕೆ. ಇಟ್ಟಿಗೆಯೇ ಇರಬಹುದು, ಇಡೀ ಲಾಟಿನ ಬೆಲೆ ಆ ಇಟ್ಟಿಗೆಗಿಂತ ಕಡಿಮೆ ಎನ್ನುವುದು ಅವಳಿಗೆ ಗೊತ್ತಿಲ್ಲ.

ಬೆಲೆ ವಿಚಾರಕ್ಕೆ ಬಂದರೆ, ಕೇಳುವ ರೇಟನ್ನು ನೋಡಲೇಬೇಡಿ. ‘ಸೋಲ್ಡ್ ಐಟಮ್ಸ್’ ಒತ್ತಿದರೆ ನಿಜವಾಗಿ ಹೋದ ಬೆಲೆ ಹಸಿರು ಬಣ್ಣದಲ್ಲಿ ಬರುತ್ತದೆ. 2021ರ ಜುಲೈನಲ್ಲಿ ಸೀಲು ಒಡೆಯದ ಒಂದು ‘ಸೂಪರ್ ಮಾರಿಯೊ 64’ ಹೆರಿಟೇಜ್ ಆಕ್ಷನ್ಸ್‌ನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತು. ಕೋಟಿಗೂ ಮಿಕ್ಕಿ ಪ್ರತಿ ಮಾರಾಟವಾದ ಗೇಮು ಅದು! ಇಂಥ ಸುದ್ದಿ ಓದಿದವರು ಲೇಬಲ್ ಹರಿದ ಕ್ಯಾಸೆಟ್ಟಿಗೂ ‘ರೇರ್’ ಎಂದು ಬರೆಯತೊಡಗುತ್ತಾರೆ. ಆ ಪದಕ್ಕೂ ಒಂದು ಮೈನಸ್ ಹಾಕಿದರೆ ನಷ್ಟವೇನಿಲ್ಲ.

ಇಬೇಯ ಭಾರತದ ಅಂಗಡಿ 2018ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಈಗ ತರಿಸುವುದೆಂದರೆ ಹೊರದೇಶದಿಂದ, ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸಮೇತ. ಅಷ್ಟಾದಮೇಲೆ ಅಮೆರಿಕವೇ ಏಕೆ ಎಂಬುದು ನನ್ನ ತಕರಾರು. ತೊಂಬತ್ತರ ದಶಕದಲ್ಲಿ ನಮ್ಮ ಬೇಸಿಗೆ ರಜೆ ನುಂಗಿದ ಹೆಚ್ಚಿನ ಟಿವಿ ಗೇಮು ಸೆಟ್ಟುಗಳು ನಿಂಟೆಂಡೊ ಅಮೆರಿಕದಲ್ಲಿ ಮಾರಿದ ಎನ್‌ಇಎಸ್‌ನ ಅಚ್ಚಲ್ಲ. 1983ರಲ್ಲಿ ಅದೇ ಕಂಪನಿಯಿಂದ ಜಪಾನಿನಲ್ಲಿ ಬಂದ ಫ್ಯಾಮಿಕಾಮ್‌ನ ಅಚ್ಚು. ಎನ್‌ಇಎಸ್ ಕ್ಯಾಸೆಟ್ ಅದರ ಬಾಯಿಗೆ ಹಿಡಿಯುವುದೇ ಇಲ್ಲ. ಜಪಾನಿನವು ಸಲೀಸಾಗಿ ಕೂರುತ್ತವೆ, ಸಾಮಾನ್ಯವಾಗಿ ಓಡುತ್ತವೆ. ಇಬೇ 2002ರಲ್ಲೇ ಜಪಾನು ಬಿಟ್ಟಿದ್ದರಿಂದ ಅಲ್ಲಿ ಯಾಹೂ ಹರಾಜಿನದೇ ದರ್ಬಾರು. ಗೇಮಿನ ಹೆಸರನ್ನು ಜಪಾನಿ ಲಿಪಿಯಲ್ಲೇ ಅಂಟಿಸಿ ಹುಡುಕಬೇಕು, ಕೊಳ್ಳುವುದು ಮಧ್ಯವರ್ತಿ ಕಂಪನಿಯ ಮೂಲಕ. ‘ಜಂಕ್’ ಎಂದಿದ್ದರೆ ಹೆದರಬೇಡಿ; ಗ್ಯಾರಂಟಿ ಇಲ್ಲ ಎಂದಷ್ಟೇ ಅರ್ಥ, ಎಷ್ಟೋ ಸಲ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಪಿನ್ನು ಒರೆಸಿದರೆ ಎದ್ದು ಕೂರುತ್ತದೆ. ಜಪಾನಿನದಕ್ಕೆ ಬೇರೆ ಸೊಗಸೂ ಉಂಟು: ಕೊನಾಮಿಯ ‘ಕಾಂಟ್ರಾ’ದ ಜಪಾನಿ ಆವೃತ್ತಿಯಲ್ಲಿ ಕಾಡಿನ ಮರಗಳು ಗಾಳಿಗೆ ಓಲಾಡುತ್ತವೆ, ಹಿಮದ ಹಂತದಲ್ಲಿ ಹಿಮ ಸುರಿಯುತ್ತದೆ. ಅಮೆರಿಕದ್ದರಲ್ಲಿ ಇವೆರಡೂ ಇಲ್ಲ.

ಹಾಗಾಗಿ ಹಳೇ ಸೆಟ್ಟನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುಂಚೆ ಒಂದು ಕ್ಯಾಸೆಟ್ ಎತ್ತಿಕೊಂಡು, ಒಂದು ಬದಿಯ ಪಿನ್ನು ಎಣಿಸಿ. 30 ಇದ್ದರೆ ನೀವು ಹುಡುಕಬೇಕಾದ್ದು ಫ್ಯಾಮಿಕಾಮ್, 36 ಇದ್ದರೆ ಎನ್‌ಇಎಸ್.